ಕುಬಸದ ದಿನ ಗಿರಿಜಾ ಹೇಳಿದ ಒಡಪು

2025ರ ಮೇ ತಿಂಗಳು. ಗಡಿಯಲ್ಲಿ ಗುಂಡು, ಡ್ರೋನ್ ಎಂದು ಟಿ.ವಿ.ಯವರು ದಿನವಿಡೀ ಸೈರನ್ ಕೂಗಿಸುತ್ತಿದ್ದ ವಾರ. ಅದೇ ವಾರದ ಶುಕ್ರವಾರ ನನ್ನ ತಂಗಿ ಶಾರದಾಳ ಮಗಳು ಗಿರಿಜಾಳ ಕುಬಸ ಇಟ್ಟುಕೊಂಡಿದ್ದೆವು. ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ತವರಿನ ಬುತ್ತಿ ಉಣಿಸುವ ಶಾಸ್ತ್ರಕ್ಕೆ ಕುಬಸ ಎನ್ನುತ್ತಾರೆ. ಗಿರಿಜಾಳ ಗಂಡ ಈರೇಶ ಸೈನ್ಯದಲ್ಲಿದ್ದಾನೆ. ಆ ವಾರ ಅವನು ಗಡಿಯ ಹತ್ತಿರವೇ ಇದ್ದ. ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಫೋನೂ ಬಂದಿರಲಿಲ್ಲ.

ಮುಂದಕ್ಕೆ ಹಾಕೋಣವೇ ಎಂದು ಶಾರದಾ ಕೇಳಿದಳು. ಬೇಡ ಎಂದೆ. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದವಳು. ಶಿಗ್ಗಾಂವಿ, ಸವಣೂರು ಮುಗಿಸಿ ಹಾನಗಲ್ಲಿನಲ್ಲಿ ನಿವೃತ್ತಳಾದೆ. ತರಬೇತಿಯಲ್ಲಿ ನಮ್ಮ ಮೇಟ್ರನ್ ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚದಿದ್ದರೆ ಇಡೀ ವಾರ್ಡಿನ ಹಾಸಿಗೆ ಮತ್ತೆ ಹಾಸಿಸುತ್ತಿದ್ದರು. ಹೊರಗೆ ಏನೇ ಆಗಲಿ, ಗೊತ್ತು ಮಾಡಿದ ಹೊತ್ತಿಗೆ ಗೊತ್ತು ಮಾಡಿದ ಕೆಲಸ ಆಗಬೇಕು ಎಂಬುದು ಆಗಿನಿಂದ ಮೈಗೆ ಹತ್ತಿದೆ. ಬುತ್ತಿ ಕಟ್ಟುವ ಜವಾಬ್ದಾರಿಯನ್ನೂ ನಾನೇ ಹೊತ್ತೆ. ಹುಳಿಬುತ್ತಿ, ಮೊಸರುಬುತ್ತಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ. ಎಲ್ಲವನ್ನೂ ಬುಟ್ಟಿಗೆ ತುಂಬಿ, ಬಿಳಿ ಅರಿವೆ ಮುಚ್ಚಿ, ಹಾನಗಲ್ಲಿನಿಂದ ಟೆಂಪೋ ಏರಿ ಚಿಕ್ಕೇರೂರು ದಾಟಿ ಹೋದೆವು. ಗಿರಿಜಾಳ ಗಂಡನ ಮನೆ ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವಂಥ ಮಂದಿ ಆ ಒಂದೇ ಊರಿನಲ್ಲಿದ್ದಾರೆ ಎಂದು ನಾನು ತಿಳಿದಿಲ್ಲ.

ಪಡಸಾಲೆ ತುಂಬ ಹೆಂಗಸರು. ಗಿರಿಜಾ ಹಸಿರು ಸೀರೆ ಉಟ್ಟು, ತಲೆಗೆ ಮಲ್ಲಿಗೆಯ ದಂಡೆ ಕಟ್ಟಿಕೊಂಡು ಮಣೆಯ ಮೇಲೆ ಕುಳಿತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಪಾದಗಳು ಸ್ವಲ್ಪ ಬಾತಿದ್ದವು. ಅದನ್ನು ನಾನು ನೋಡಿ ಮನಸ್ಸಿನಲ್ಲಿಟ್ಟುಕೊಂಡೆ.

ಆ ಹೆಂಗಸರಲ್ಲಿ ನೀಲವ್ವ ಎಂಬಾಕೆ ಒಬ್ಬಳಿದ್ದಳು. ಎದುರು ಮನೆಯವಳು. ಅವಳ ಮಗನೂ ಸೈನಿಕ. ಅವನ ಸುದ್ದಿಯೂ ಇರಲಿಲ್ಲ. ಎರಡು ದಿನದಿಂದ ಊಟ ಬಿಟ್ಟು ಕುಳಿತಿದ್ದಾಳೆಂದು ಗಿರಿಜಾಳ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. "ನೀವರ ಒಂದು ಮಾತು ಹೇಳ್ರಿ ಸಿಸ್ಟರ್. ಚಹಾ ಸೈತ ಒಲ್ಲೆ ಅಂತಾಳ." ನಾನು ಹೋಗಿ ಕೈ ಹಿಡಿದು ನಾಡಿ ನೋಡಿ, ಊಟ ಬಿಡಬಾರದು ಎಂದು ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ತಾಟು ಮುಟ್ಟಲಿಲ್ಲ.

ಆರತಿ ಆಯಿತು. ನಂತರ ಒಡಪಿನ ಹೊತ್ತು ಬಂತು. ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಎರಡೋ ನಾಲ್ಕೋ ಸಾಲು ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಹೇಳುವ ತನಕ ಮಣೆಯಿಂದ ಏಳಗೊಡುವುದಿಲ್ಲ. ಗಿರಿಜಾಳ ನೆಗೆಣ್ಣಿ, ಅಂದರೆ ಈರೇಶನ ಅಣ್ಣನ ಹೆಂಡತಿ ಲತಾ, ಫೋನು ಹಿಡಿದು ವಿಡಿಯೋ ತೆಗೆಯುತ್ತಲೇ ತಾನು ಮೊದಲು ಶುರು ಮಾಡಿದಳು.

"ವೈರಿ ಊರು ಸುಟ್ಟು ಬೂದಿ ಹಾರಲಿ ಗಾಳ್ಯಾಗ,
ನಾಗರಾಜ ಅವರ ಹೆಸರ ಹೇಳ್ತೇನಿ ಗರತೇರ ಸಾಲ್ಯಾಗ."

ಎಲ್ಲರೂ ಚಪ್ಪಾಳೆ ತಟ್ಟಿದರು. "ಎಲ್ಲಿ ಕಲತಿ ಬೇ ಇದನ್ನ?" ಎಂದು ಒಬ್ಬಳು ಕೇಳಿದಳು. "ಫೋನಿನ್ಯಾಗ ಬಂದಿತ್ತು," ಎಂದಳು ಲತಾ. ಆಮೇಲೆ ಹೇಳಿದವರೆಲ್ಲ ಅದೇ ಧಾಟಿ ಹಿಡಿದರು. ಒಬ್ಬಳ ಒಡಪಿನಲ್ಲಿ ಬಾಂಬು, ಇನ್ನೊಬ್ಬಳ ಒಡಪಿನಲ್ಲಿ ರುಂಡ. ಬಸುರಿಯ ಎದುರು ಹೇಳುವ ಮಾತೇ ಇವು ಎಂದು ನನಗೆ ಸಿಟ್ಟು ಬಂತು. "ಸಾಕು ಮಾಡ್ರಿ, ಹುಡುಗಿ ಉಣ್ಣೂ ಹೊತ್ತಾತು," ಎಂದೆ.

"ಹಂಗ ಹೆಂಗ ಬಿಡ್ತೇವ್ರಿ ಸಿಸ್ಟರ್? ಆಕಿದ ಬಾಕಿ ಐತಿ. ಹೇಳ ಗಿರಿಜಾ, ಮಿಲಿಟ್ರಿ ಗಂಡನ ಹೆಸರ ಹೇಳು!" ಎಂದಳು ಲತಾ.

ಗಿರಿಜಾ ತನ್ನ ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡಳು. ಬಳಿಕ ತಲೆ ಎತ್ತದೆ, ಮೆಲ್ಲಗೆ, ಒಂದೊಂದೇ ಸಾಲಾಗಿ ಹೇಳಿದಳು.

"ಗಡಿಯಾಚೆ ಒಬ್ಬಾಕಿ ರೊಟ್ಟಿ ತಟ್ಟಿ ಕಾದಾಳ,
ಗಡಿಯೀಚೆ ನಾನೂ ರೊಟ್ಟಿ ತಟ್ಟಿ ಕಾದೇನಿ.
ಇಬ್ಬರ ಒಲಿ ಆರದಿರಲಿ, ಇಬ್ಬರ ತೊಟ್ಟಿಲ ತೂಗಲಿ,
ಈರೇಶ ಅವರ ಪಾಲಿನ ತಾಟ ತೊಳದು ಇಟ್ಟೇನಿ."

ಒಳಗಿನ ಕೋಣೆಯಲ್ಲಿ ಟಿ.ವಿ. ಕೂಗುತ್ತಿತ್ತು, ಯಾರೋ ಎದ್ದು ಹೋಗಿ ಅದನ್ನು ಆರಿಸಿ ಬಂದರು. ಗಿರಿಜಾಳ ಅತ್ತೆ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದರು. ಬಾಗಿಲ ಹತ್ತಿರ ಕುಳಿತಿದ್ದ ನೀಲವ್ವ ಎದ್ದು ಬಂದಳು. ಮಣೆಯ ಮುಂದೆ ಕುಳಿತು ಗಿರಿಜಾಳ ಗಲ್ಲ ಮುಟ್ಟಿ, "ಇನ್ನೊಮ್ಮೆ ಹೇಳವಾ," ಎಂದಳು. ಗಿರಿಜಾ ಹೇಳಿದಳು. "ಮತ್ತೊಮ್ಮೆ ಹೇಳು. ಮೂರನೇ ಸಾಲು ನನಗ ಬಾಯಾಗ ಕುಂದ್ರವಲ್ದು," ಎಂದಳು. ಗಿರಿಜಾ ಮತ್ತೆ ಹೇಳಿದಳು. ಈ ಸಲ ಇನ್ನೂ ನಾಲ್ಕಾರು ಮಂದಿ ಮುದುಕಿಯರು ಜೊತೆಗೆ ತುಟಿ ಆಡಿಸಿದರು.

"ಅಲ್ಲಿ ಮಂದಿಗೂ ಅವ್ವಂದಿರು ಇರ್ತಾರಲ್ಲ," ಎಂದಳು ಒಬ್ಬ ಮುದುಕಿ.

ಊಟಕ್ಕೆ ಕುಳಿತಾಗ ನೀಲವ್ವ ತಾನಾಗಿ ತಾಟು ಎಳೆದುಕೊಂಡಳು. ಹುಳಿಬುತ್ತಿ ಎರಡನೆಯ ಸಲ ನೀಡಿಸಿಕೊಂಡಳು. ನಾನು ಎಷ್ಟೋ ವರ್ಷ ವಾರ್ಡಿನಲ್ಲಿ ಊಟ ಬಿಟ್ಟ ತಾಯಂದಿರಿಗೆ ಬುದ್ಧಿ ಹೇಳಿದವಳು. ನನ್ನ ಬುದ್ಧಿಮಾತಿಗೆ ಆಗದ ಕೆಲಸ ಆ ಹುಡುಗಿಯ ನಾಲ್ಕು ಸಾಲಿಗೆ ಆಯಿತು. ನನಗೆ ಕವಿತೆ, ಗಿವಿತೆ ಓದುವ ಅಭ್ಯಾಸವಿಲ್ಲ. ಆದರೆ ಅದರಿಂದ ಏನು ಆಗುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ.

ಶನಿವಾರ ಹೆಣ್ಣುಮಗಳನ್ನು ಕಳಿಸುವುದಿಲ್ಲ ಎಂದು ಅತ್ತೆ ಹೇಳಿದ್ದರಿಂದ ನಾನು, ಶಾರದಾ ಅಲ್ಲೇ ಉಳಿದೆವು. ರವಿವಾರ ಗಿರಿಜಾಳನ್ನು ಕರೆದುಕೊಂಡು ಹಾನಗಲ್ಲಿಗೆ ಹೊರಡುವುದೆಂದು ಆಗಿತ್ತು.

ಶನಿವಾರ ಬೆಳಿಗ್ಗೆ ಲತಾ ಅಳುತ್ತಾ ಅಡಿಗೆಮನೆಗೆ ಬಂದಳು. ಹಿಂದಿನ ದಿನ ತೆಗೆದ ವಿಡಿಯೋವನ್ನು ಅವಳು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದಳು. ಯಾರೋ ಅದನ್ನು ಊರಿನ ಹುಡುಗರ ಗ್ರೂಪಿಗೆ ಕಳಿಸಿದ್ದರು. ಅಲ್ಲಿಂದ ಅದು ತಾಲ್ಲೂಕು ದಾಟಿತ್ತು. ಕೆಳಗೆ ಜನ ಬರೆದದ್ದನ್ನು ಲತಾ ನನಗೆ ತೋರಿಸಿದಳು. 'ಇವಳ ಗಂಡನನ್ನು ಮೊದಲು ಕೆಲಸದಿಂದ ತೆಗೆಯಿರಿ' ಎಂದಿತ್ತು. ಉಳಿದದ್ದನ್ನು ನಾನು ಇಲ್ಲಿ ಬರೆಯಲಾರೆ. ಬಸುರಿಯ ಹೊಟ್ಟೆಯ ಬಗ್ಗೆ ಬರೆದಿದ್ದರು.

"ಛಲೋ ಹೇಳ್ಯಾಳ ಅಂತ ಹಾಕಿದ್ನಿರಿ ಸಿಸ್ಟರ್. ದೇವರಾಣಿ, ಛಲೋ ಅಂತನ ಹಾಕಿದ್ನಿ," ಎಂದಳು ಲತಾ.

"ಅಳೂದು ಬಿಟ್ಟು ಮೊದಲು ತೆಗಿ ಅದನ್ನ," ಎಂದೆ. ಅವಳು ತೆಗೆದಳು. ತೆಗೆದರೆ ಏನು ಬಂತು, ಊರಿನ ಎಲ್ಲ ಫೋನುಗಳಲ್ಲೂ ಅದು ಇತ್ತು.

ಮಧ್ಯಾಹ್ನದ ಊಟದ ನಂತರ ಈರೇಶನ ದೊಡ್ಡಪ್ಪ ಬಂದರು. ಹಿರಿಯರು, ಊರಿನಲ್ಲಿ ಮಾತು ನಡೆಯುವವರು. ಅವರ ಹಿಂದೆ ನಾಲ್ಕೈದು ಜನ ಹುಡುಗರು. ಕಟ್ಟೆಯ ಮೇಲೆ ಕುಳಿತು ಗಿರಿಜಾಳನ್ನು ಹೊರಗೆ ಕರೆಸಿದರು.

"ಏನವಾ, ಸೈನಿಕನ ಹೇಣ್ತಿ ನೀನು. ಆಕಡಿ ಹೆಂಗಸರ ಒಲಿ ಚಿಂತಿ ನಿನಗ್ಯಾಕ ಬಂತು?"

"ನನ್ನ ಒಲಿ ಚಿಂತಿ ಮಾಡಾಕತ್ತಿದ್ನಿರಿ ಮಾವಾರ," ಎಂದಳು ಗಿರಿಜಾ. "ಅದನ್ನ ಹೇಳೂಮುಂದ ಆಕೀದೂ ಬಾಯಾಗ ಬಂತು."

"ಬಾಯಾಗ ಬಂದದ್ದೆಲ್ಲಾ ಹೇಳಾಕ ಇದೇನು ಆಟ? ನಿನ್ನಿ ಎಲ್ಲಾ ಹೆಂಗಸರೂ ನಿನ್ನ ಬೈದರಂತ. ಹೌದಿಲ್ಲೋ ನೀಲವ್ವಾ?"

ನೀಲವ್ವ ಎದುರು ಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಸೈನಿಕನ ತಾಯಿ, ವಯಸ್ಸಾದವಳು, ಆ ಊರಿನವಳು. ಅವಳ ಮಾತನ್ನು ಆ ಹುಡುಗರು ತೆಗೆದುಹಾಕುವಂತಿರಲಿಲ್ಲ.

"ನಾ ಊಟದ ಗದ್ದಲದಾಗ ಇದ್ನಿ," ಎಂದಳು ನೀಲವ್ವ. "ಆಕಿ ಏನ ಹೇಳಿದ್ಲೋ ನನಗ ಕೇಳಿಸಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಗಲ್ಲ ಹಿಡದು ಮತ್ತ ಮತ್ತ ಹೇಳಿಸಿಕೊಂಡವರು ಯಾರ್ರಿ ನೀಲವ್ವ? ಎರಡು ದಿನ ಆದಮ್ಯಾಲೆ ನಿನ್ನಿ ಅಲ್ಲೇನು ನೀವು ಅನ್ನ ಉಂಡಿದ್ದು?"

ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹಿಂದಿನ ದಿನ ಪಡಸಾಲೆಯಲ್ಲಿ ತುಟಿ ಆಡಿಸಿದ್ದ ಮುದುಕಿಯರಲ್ಲಿ ಒಬ್ಬಳೂ ಆ ಮಧ್ಯಾಹ್ನ ಹೊರಗೆ ಕಾಣಲಿಲ್ಲ.

ದೊಡ್ಡಪ್ಪ ನನ್ನ ಕಡೆ ತಿರುಗಿ ಮರ್ಯಾದೆಯಿಂದಲೇ ಹೇಳಿದರು. "ಸಿಸ್ಟರ್, ನೀವು ಬೀಗರು. ಬುತ್ತಿ ತಂದ್ರಿ, ಉಂಡಿವಿ. ಇದು ನಮ್ಮ ಮನಿ ಮಾತು. ನೀವು ಒಳಗ ಕುಂದರ್ರಿ."

"ಬಸುರಿನ್ನ ಬಿಸಿಲಾಗ ನಿಂದ್ರಿಸಿ ಕೇಳೂ ಮಾತೇನ್ರಿ ಇದು? ಆಕಿ ಕಾಲು ಬಾತಾವು, ನೋಡ್ರಿ," ಎಂದೆ.

ಶಾರದಾ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. "ಸುಮ್ಮನಿರಕ್ಕಾ. ನಾಳೆ ಅವಳು ಬಾಳೇವು ಮಾಡೂದು ಇದ ಮನ್ಯಾಗ." ಹೆಣ್ಣು ಕೊಟ್ಟವರ ಬಾಯಿ ಕಟ್ಟಲು ಇಷ್ಟು ಸಾಕು.

ಹುಡುಗರ ಬೇಡಿಕೆ ಸರಳವಾಗಿತ್ತು. ಗಿರಿಜಾ ಇನ್ನೊಂದು ಒಡಪು ಹೇಳಬೇಕು. ಅದನ್ನು ಅವರೇ ಬರೆದು ತಂದಿದ್ದರು. ಅದೇ ಸೀರೆ ಉಟ್ಟು ಹೇಳಬೇಕು, ತಾವು ವಿಡಿಯೋ ತೆಗೆದು ಎಲ್ಲ ಕಡೆ ಕಳಿಸುತ್ತೇವೆ, ಊರಿನ ಹೆಸರು ಉಳಿಯುತ್ತದೆ ಎಂದರು. ಗಿರಿಜಾ ಚೀಟಿ ಓದಿ ಮರಳಿ ಕೊಟ್ಟಳು.

"ಇದು ನಂದಲ್ಲ. ನಾ ಹೇಳೂದಿಲ್ಲ."

ಅಷ್ಟು ಹೇಳಿ ಒಳಗೆ ಬಂದು ಗೋಡೆಗೆ ಒರಗಿ ಕುಳಿತಳು. ನನಗೆ ಅವಳ ಮೇಲೆ ಅಭಿಮಾನ ಉಕ್ಕಿತು. ನೀರು ಕುಡಿಸಿ, ಕಾಲ ಕೆಳಗೆ ದಿಂಬು ಇಟ್ಟೆ.

ಸಂಜೆ, ಗುಂಡಿನ ಸದ್ದು ನಿಂತಿತು ಎಂದು ಸುದ್ದಿ ಬಂತು. ಮನೆಯಲ್ಲಿ ಎಲ್ಲರೂ ದೇವರಿಗೆ ಕೈ ಮುಗಿದೆವು. ಸ್ವಲ್ಪ ಹೊತ್ತಿನಲ್ಲಿ ಅತ್ತೆಯ ಫೋನು ರಿಂಗಾಯಿತು. ಈರೇಶ! ಅತ್ತೆ ಕೂಡಲೇ ಫೋನನ್ನು ಗಿರಿಜಾಳ ಕೈಗೆ ಕೊಟ್ಟರು. ಲೈನು ಸರಿಯಿರಲಿಲ್ಲ, ಎಲ್ಲರಿಗೂ ಕೇಳಿಸಲೆಂದು ಲತಾ ಸ್ಪೀಕರ್ ಹಾಕಿದಳು. ಗಿರಿಜಾಳ ಮುಖ ನೋಡಬೇಕಿತ್ತು. ಎಷ್ಟು ದಿನದ ಮೇಲೆ ಬಣ್ಣ ಬಂದ ಮುಖ ಅದು.

"ಗಿರಿಜಾ," ಎಂದ ಈರೇಶ. "ಯಾಕ ಹಂಗ ಹೇಳಿದಿ?"

ಅವನ ಮೊದಲ ಮಾತು ಅದು.

ಈರೇಶನೇ ಮುಂದುವರಿಸಿದ. "ನಮ್ಮ ಕಡಿ ಹುಡುಗ ಒಬ್ಬ ತೋರಿಸಿದ. ಸಾಹೇಬರ ತನಕ ಹೋದ್ರ ಏನಾಕ್ಕೈತಿ ಗೊತ್ತೇನು ನಿನಗ? ದೊಡ್ಡಪ್ಪನ ಮೆಸೇಜೂ ಬಂದೈತಿ, ಅವರು ಹೇಳಿದ್ದನ್ನ ಹೇಳಿಬಿಡು. ನನ್ನ ಸಲವಾಗಿ."

"ಹೂಂ. ಹೇಳ್ತೇನಿ," ಎಂದಳು ಗಿರಿಜಾ. ಆಮೇಲೆ, "ನೀವು ಉಂಡ್ರೇನು?" ಎಂದು ಕೇಳಿದಳು. ಅಷ್ಟರಲ್ಲಿ ಲೈನು ಕಡಿದಿತ್ತು.

ಈರೇಶನನ್ನು ನಾನು ದೂರಲಾರೆ. ಅವನಿದ್ದ ಜಾಗದಲ್ಲಿ ಅವನಿಗೆ ಎಂಥ ಹೆದರಿಕೆಗಳಿದ್ದವೋ. ಆದರೆ ಎದುರಿನವರ ಗುಂಡಿಗೆ ಹೆದರದವನು ತನ್ನ ಊರಿನ ಹುಡುಗರ ಫೋನಿಗೆ ಹೆದರಿದ.

ರವಿವಾರ ಬೆಳಿಗ್ಗೆ ಗಿರಿಜಾಳಿಗೆ ಮತ್ತೆ ಹಸಿರು ಸೀರೆ ಉಡಿಸಿದರು. ಬಾಡಿದ ದಂಡೆಯನ್ನೇ ತಲೆಗೆ ಕಟ್ಟಿದರು. ಹುಡುಗರು ಪಡಸಾಲೆಯ ಬೆಳಕು ಸಾಲದೆಂದು ಮಣೆಯನ್ನು ಅಂಗಳಕ್ಕೆ ತಂದರು.

"ಸೊಕ್ಕಿದ ವೈರಿ ಸೊಕ್ಕು ಮುರದು ಮಣ್ಣು ಮುಕ್ಕಸ್ತಾರ,
ನನ್ನ ಈರೇಶ ಅವರು ಹುಲಿ ಹಂಗ ಗೆದ್ದು ಬರ್ತಾರ."

ಗಿರಿಜಾ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. "ಸ್ವಲ್ಪ ನಗತಾ ಹೇಳ್ರಿ ವೈನಿ," ಎಂದ ಒಬ್ಬ. ಅವಳು ನಗುತ್ತಾ ಮತ್ತೊಮ್ಮೆ ಹೇಳಿದಳು. "ಭಾರಿ ಬಂತು!" ಎಂದು ಹುಡುಗರು ಹಿಗ್ಗಿದರು. ದೊಡ್ಡಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, "ಶಾಣ್ಯಾಕಿ," ಎಂದರು. ನಿಂತುಹೋಗಿದ್ದ ಯುದ್ಧಕ್ಕೆ ಬಸುರಿ ಹೆಂಗಸಿನಿಂದ ಕಹಳೆ ಊದಿಸಿ ಅವರು ಚಹಾ ಕುಡಿದು ಹೋದರು.

ಅದೇ ದಿನ ಟೆಂಪೋದಲ್ಲಿ ಗಿರಿಜಾಳನ್ನು ಹಾನಗಲ್ಲಿಗೆ ಕರೆತಂದೆವು. ಮನೆಗೆ ಬಂದ ಕೂಡಲೇ ಬಿ.ಪಿ. ನೋಡಿದೆ. ಏರಿತ್ತು. ಉಪ್ಪು ಕಡಿಮೆ ಮಾಡಿ, ಎಡಮಗ್ಗುಲಿಗೆ ಮಲಗಿಸಿ, ದಿನವೂ ಹೊತ್ತಿಗೆ ಸರಿಯಾಗಿ ಬಿ.ಪಿ. ನೋಡುತ್ತಾ ಹೆರಿಗೆಯ ತನಕ ಕಾಯ್ದೆ. ಫೋನನ್ನು ಅವಳ ಕೈಗೆ ಕೊಡಲಿಲ್ಲ.

ಆ ದಿನಗಳಲ್ಲೇ ಸವಣೂರಿನಿಂದ ಹಸೀನಾ ಫೋನು ಮಾಡಿದಳು. ನನ್ನ ಜೊತೆ ಬಹಳ ವರ್ಷ ಡ್ಯೂಟಿ ಮಾಡಿದ ನರ್ಸ್, ಅವಳೂ ಈಗ ನಿವೃತ್ತಳು.

"ಅಕ್ಕಾ, ಆ ಒಡಪು ಹೇಳಿದಾಕಿ ನಿಮ್ಮ ಶಾರದಾನ ಮಗಳಲ್ಲೇನ್ರಿ?"

"ಹೌದು. ಯಾವ ಒಡಪು ಕೇಳಿದಿ? ಮೊದಲಿನದೋ, ಎರಡನೇದೋ?"

"ಎರಡೂ ಕೇಳೇನಿ. ಮೊದಲಿನದು ನಮ್ಮ ಓಣ್ಯಾಗ ಎಲ್ಲಾ ಹೆಂಗಸರೂ ಕೇಳಿ ಅತ್ತಾರ. ಬಯ್ಯೂವರು ಅಷ್ಟು ಬರದಿದ್ರಲ್ಲ ಅಕ್ಕಾ, ಅದರ ಕೆಳಗ 'ಛಲೋ ಐತಿ' ಅಂತ ಒಂದು ಮಾತು ಬರೀಬೇಕಂತ ಮಾಡಿದ್ನಿ. ನನ್ನ ಮಗ ಫೋನ ಕಸಗೊಂಡ. 'ಅವ್ವಾ, ನಮ್ಮ ಹೆಸರಿಲೆ ಬರದ್ರ ಆ ಹುಡುಗೀಗೆ ಮತ್ತಷ್ಟು ತ್ರಾಸ ಆಕ್ಕೈತಿ' ಅಂದ. ಹೌದಲ್ಲಾ ಅನ್ನಿಸ್ತು. ಸುಮ್ಮನ ಕುಂತೆ."

ಕೂಸು ಹುಟ್ಟಿದ ಮೇಲೆ ನೋಡಲು ಬಾ ಎಂದೆ. "ಮಂದಿ ಕಡಿಮಿ ಇದ್ದಾಗ ಬರ್ತೇನ್ರಿ," ಎಂದಳು.

ಮಳೆಗಾಲದಲ್ಲಿ ಗಿರಿಜಾ ಹೆಣ್ಣುಕೂಸು ಹೆತ್ತಳು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಹೆಸರಿಡುವ ಕಾರ್ಯಕ್ಕೆ ಈರೇಶ ರಜೆ ಹಾಕಿ ಬಂದ. ಅವನ ಊರಿನಿಂದ ಒಂದು ಟೆಂಪೋ ತುಂಬ ಬೀಗರು ಬಂದರು. ದೊಡ್ಡಪ್ಪ ಬಂದರು. ನೀಲವ್ವನೂ ಬಂದಿದ್ದಳು. ಆ ಬೇಸಿಗೆಯಲ್ಲಿ ಅವಳ ಮಗ ಏನೂ ಆಗದೆ ಉಳಿದಿದ್ದ. ಊರಿಗೆ ಬಂದು ಹೋದವನನ್ನು ಈಗ ಮತ್ತೆ ಗಡಿಯ ಕಡೆಗೇ ಹಾಕಿದ್ದಾರೆಂದು ಯಾರೋ ಹೇಳಿದರು.

ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರು ಕರೆದದ್ದಾಯಿತು. ಹೆಂಗಸರು ಎಂದಿನಂತೆ ಗಿರಿಜಾಳನ್ನು ಸುತ್ತುವರಿದರು. ಲತಾ ಈ ಸಲ ಫೋನು ತಂದಿರಲಿಲ್ಲ. "ಬಾಣಂತಿ, ನಿನ್ನ ಗಂಡನ ಹೆಸರ ಹೇಳು," ಎಂದು ಮುದುಕಿಯೊಬ್ಬಳು ಕೇಳಿದಳು.

"ಈರೇಶ," ಎಂದಳು ಗಿರಿಜಾ.

ಬರೀ ಹೆಸರು. ಅಷ್ಟು ಮಂದಿಯ ನಡುವೆ, ಅತ್ತೆಯ ಎದುರು, ರೇಷನ್ ಅಂಗಡಿಯಲ್ಲಿ ಕೂಗಿದ ಹಾಗೆ.

"ಅಯ್ಯ, ಒಡಪು ಹಚ್ಚಿ ಹೇಳವಾ!"

"ನಿಮಗ ಹೆಸರಲ್ಲೇನ್ರಿ ಬೇಕಾಗಿದ್ದು? ಹೇಳಿದ್ನಲ್ಲ," ಎಂದು ಅವಳು ತೊಟ್ಟಿಲ ಹಗ್ಗ ಹಿಡಿದು ತೂಗತೊಡಗಿದಳು. ಅತ್ತೆಯ ಮುಖ ಕೆಂಪಾಯಿತು. ಹೊರಗಿನ ಕೋಣೆಯಲ್ಲಿ ಗಂಡಸರ ಸಾಲಿನಲ್ಲಿ ಕುಳಿತಿದ್ದ ಈರೇಶನಿಗೂ ಅದು ಕೇಳಿಸಿತು. ಅವನು ತಲೆ ತಗ್ಗಿಸಿದ. ಅವಳನ್ನು ಇನ್ನೊಮ್ಮೆ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಊಟ ಮುಗಿದು ಬೀಗರು ಎಲೆ ಅಡಿಕೆ ಹಾಕಿಕೊಳ್ಳುವಾಗ ನೀಲವ್ವ ಹಿತ್ತಲಿಗೆ ಬಂದಳು. ಗಿರಿಜಾ ಅಲ್ಲಿ ಕೂಸಿನ ಅರಿವೆ ಒಣ ಹಾಕುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ. ನೀಲವ್ವ ಹಿಂದೆ ಮುಂದೆ ನೋಡಿ, ದನಿ ಇಳಿಸಿ ಕೇಳಿದಳು.

"ಗಿರಿಜಾ, ಅವತ್ತಿಂದು... ರೊಟ್ಟೀದು... ಮೂರನೇ ಸಾಲು ಮರತು ಹೋಗೇತವಾ. ನಿದ್ದಿ ಬರವಲ್ದು. ಅದೊಂದು ಸಾಲು ಹೇಳ ನನ್ನವ್ವ."

ಗಿರಿಜಾ ಅರಿವೆ ಹಿಂಡಿ ತಂತಿಯ ಮೇಲೆ ಹಾಕಿದಳು. ಮೂಲೆ ಜಗ್ಗಿ ಸರಿ ಮಾಡಿದಳು. "ನನಗ ನೆನಪಿಲ್ರಿ," ಎಂದು ಒಳಗೆ ಹೋದಳು. ಅವಳಿಗೆ ನೆನಪಿತ್ತು. ನನಗೆ ಗೊತ್ತು.

ನೀಲವ್ವ ಅಲ್ಲೇ ನಿಂತಳು. ನಿದ್ದೆಯಿಲ್ಲದ ಕಣ್ಣುಗಳು. ಕೊರಳಿನ ಎಲುಬು ಕಾಣುತ್ತಿತ್ತು. ನನಗೆ ಅವಳ ಮೇಲೆ ಒಂದು ಕಾಳಿನಷ್ಟೂ ಕರುಣೆ ಬರಲಿಲ್ಲ, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಆದರೆ ವಾರ್ಡಿನಲ್ಲಿ ನಾವು ರೋಗಿಯ ಗುಣ ನೋಡಿ ಔಷಧ ಕೊಟ್ಟವರಲ್ಲ.

"ಬರ್ರಿ ಇಲ್ಲಿ," ಎಂದೆ. ಕಲ್ಲಿನ ಮೇಲೆ ಕೂರಿಸಿದೆ. ನಾಲ್ಕೂ ಸಾಲು ಹೇಳಿದೆ. ಅವಳಿಂದ ಹೇಳಿಸಿದೆ. ಮೂರನೆಯ ಸಾಲಿನಲ್ಲಿ 'ತೊಟ್ಟಿಲ' ಬಿಟ್ಟಳು. ತಿದ್ದಿದೆ. ತಪ್ಪಿಲ್ಲದೆ ಬರುವ ತನಕ ಹೇಳಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ನಾನು ಒರೆಸಲಿಲ್ಲ.

"ಇನ್ನ ಮರೀಬ್ಯಾಡ್ರಿ," ಎಂದೆ. "ಇದನ್ನ ಯಾರು ಕಟ್ಟಿದ್ರು ಅಂತ ನಿಮ್ಮೂರಾಗ ಯಾರರ ಕೇಳಿದ್ರ, ಗಿರಿಜಾ ಕಟ್ಟಿದ್ಲು ಅಂತ ಹೇಳ್ರಿ. ಎಲ್ಲಾರ ಮುಂದ ಹೇಳ್ರಿ."

"ಹೂಂ," ಎಂದು ತಲೆಯಾಡಿಸಿ ಅವಳು ಎದ್ದು, ತುಟಿ ಆಡಿಸುತ್ತಲೇ ಟೆಂಪೋ ಹತ್ತಿದಳು. ಆ ನಾಲ್ಕು ಸಾಲು ಆ ರಾತ್ರಿ ಅವಳಿಗೆ ನಿದ್ದೆ ಕೊಟ್ಟಿರಬಹುದು. ಅವಳು ಗಿರಿಜಾಳ ಹೆಸರು ಹೇಳುತ್ತಾಳೆ ಎಂಬ ನಂಬಿಕೆ ಮಾತ್ರ ನನಗೆ ಇಂದಿಗೂ ಇಲ್ಲ.